ಉಳಿದ ಮಾತ್ರೆಗಳು

ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿ ನರ್ಸ್ ಮಾತ್ರೆ ಎಣಿಸತೊಡಗಿದಳು. ರೋಗಿ ತೀರಿಕೊಂಡರೆ ನೋವಿಗೆ ಕೊಟ್ಟು ಉಳಿದ ಮಾರ್ಫಿನ್ ಮಾತ್ರೆಗಳನ್ನು ಅಂದೇ ವಾಪಸ್ ಒಯ್ಯಬೇಕು. ಹೆಣ ಇನ್ನೂ ನಡುಮನೆಯಲ್ಲಿದ್ದರೂ ಸರಿಯೇ. ಹಾಳು ಕೆಲಸ. ಲೆಕ್ಕದ ಪ್ರಕಾರ ನಾಲ್ಕೋ ಐದೋ ಉಳಿದಿರಬೇಕಿತ್ತು. ನಲವತ್ತು ದಾಟಿದರೂ ಮುಗಿಯಲಿಲ್ಲ. ಎಲ್ಲವೂ ಬ್ಲೇಡಿನಿಂದ ನೀಟಾಗಿ ಕತ್ತರಿಸಿದ ಅರ್ಧಗಳು.

"ಇಷ್ಟೊಂದು ಹೇಗೆ ಉಳೀತಮ್ಮ?"

"ಉಳಿಸಿದೆ ಸಿಸ್ಟರ್," ಎಂದಳು ತೀರಿಕೊಂಡ ಪ್ಲಂಬರನ ಹೆಂಡತಿ. ಬೆಳಗಿನಿಂದ ಅವಳ ಮುಖ ಮೊದಲ ಸಲ ಅರಳಿತು. "ದೊಡ್ಡಾಸ್ಪತ್ರೆಗೆ ಹೋಗಿ ತರಬೇಕಂದ್ರೆ ದಿನವೆಲ್ಲ ಬಸ್ಸಲ್ಲಿ ಕೂರಬೇಕು. ಹೋದ್ರೆ, ಸ್ಟಾಕಿಲ್ಲ, ಮುಂದಿನ ವಾರ ಬನ್ನಿ ಅಂತಾರೆ. ಮಧ್ಯದಲ್ಲಿ ಖಾಲಿಯಾದ್ರೆ ಇವರ ಗತಿ ಏನು? ಅದಕ್ಕೇ ಅರ್ಧರ್ಧ ಕೊಟ್ಟೆ. ಇವರಿಗೆ ಅಷ್ಟೇ ಸಾಕಾಗ್ತಿತ್ತು."

ನಡುಮನೆಯಲ್ಲಿ ಮೈದುನ ಯಾರಿಗೋ ಹೇಳುತ್ತಿದ್ದ: "ನಮ್ಮಣ್ಣ ಕೈಯಿಟ್ರೆ ಎಂಥಾ ಸೋರೋ ನಲ್ಲಿನೂ ತೆಪ್ಪಗಾಗ್ತಿತ್ತು. ಅವನ ಬಾಯಿ ಮಾತ್ರ ಯಾರ ಕೈಲೂ ಬಂದ್ ಮಾಡೋಕಾಗ್ಲಿಲ್ಲ." ಕೂತವರು ನಕ್ಕು, ನಗಬಾರದಿತ್ತೆಂದು ಸುಮ್ಮನಾದರು.

*

ಹತ್ತು ದಿನದ ಹಿಂದೆ ನರ್ಸ್ ಬಂದಾಗ ಆ ಮಾತುಗಾರ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

"ನೋವು ಹೇಗಿದೆ ಯಜಮಾನ್ರೇ? ಹತ್ತಕ್ಕೆ ಎಷ್ಟು ಕೊಡ್ತೀರಿ?"

ಅವನು ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನೊಮ್ಮೆ ನೋಡಿದ. "ಸೊನ್ನೆ. ಎಲ್ಲಾ ಇವಳ ಕೈಗುಣ."

ಹಣೆಯ ಮೇಲೆ ಬೆವರಿತ್ತು. ನರ್ಸ್ ಅದನ್ನು ಕಂಡಳು. ಆದರೆ ಆ ಭಾಗಕ್ಕೆಲ್ಲ ಅವಳೊಬ್ಬಳೇ. ಅಂದು ಇನ್ನೂ ಏಳು ಮನೆ ಬಾಕಿಯಿತ್ತು. ಸೊನ್ನೆ ಎಂದು ಬರೆದುಕೊಂಡಳು. ನಂಬಿದರೆ ಬೇಗ ಹೊರಡಬಹುದಿತ್ತು, ನಂಬಿದಳು.

*

"ಸಿಸ್ಟರ್, ಇವರಿಗೆ ನೋವಿರಲಿಲ್ಲ ಅಲ್ವಾ? ನಿಮಗೂ ಹಾಗೇ ಹೇಳಿದ್ರಲ್ಲ?"

ನರ್ಸ್‌ಗೆ ತನ್ನ ಮೇಲೇ ಹೇಸಿಗೆಯಾಯಿತು. "ಹೇಳಿದ್ರಮ್ಮ," ಎಂದಳು. ಅಷ್ಟಾದರೂ ನಿಜವಾಗಿತ್ತು.

"ಇವನ್ನ ಬೇರೆ ಯಾರಿಗಾದ್ರೂ ಕೊಡಿ. ಪಾಪ, ಎಲ್ಲಿ ಯಾರು ನರಳ್ತಿದಾರೋ."

ಅವಳು ಎದ್ದು ಗಂಡನ ಹಾಸಿಗೆ ಸುತ್ತಿಟ್ಟು ಕಂಬಳಿ ಕೊಡವಿದಳು. ಇನ್ನೊಂದು ತುದಿಯನ್ನು ನರ್ಸ್ ಹಿಡಿದುಕೊಂಡಳು. ತಲೆಯ ಕಡೆಯ ಅಂಚು ಗೇಣುದ್ದಕ್ಕೂ ಕಚ್ಚಿ ಕಚ್ಚಿ ಎಳೆ ಎಳೆಯಾಗಿತ್ತು.

"ಈ ಮನೇಲಿ ಇಲಿ ಕಾಟ ಜಾಸ್ತಿ," ಎನ್ನುತ್ತ ಹೆಂಡತಿ ಆ ಅಂಚನ್ನು ಒಳಗೆ ಮಡಿಸಿದಳು.

ನರ್ಸ್ ಆ ಮಡಿಕೆಯನ್ನೇ ನೋಡಿದಳು.

ಹೆಂಡತಿ ಮಡಿಕೆಯನ್ನು ಮತ್ತೆ ಬಿಚ್ಚಿ, ಕಂಬಳಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.