ಸ್ಪಂಜಿನ ತುಂಡು

ಕಂಪ್ಯೂಟರಿನ ಹಳೆಯ ಡಿಸ್ಕು ಬೆಳಗಿನಿಂದ ಕರಕರ ಎನ್ನುತ್ತಿತ್ತು. ಅಂಧ ಮಕ್ಕಳ ಶಾಲೆಗಾಗಿ ಆ ಪುಟ್ಟ ಸ್ಟುಡಿಯೋದಲ್ಲಿ ಓದಿಸಿ ಧ್ವನಿಮುದ್ರಿಸಿದ ಪಾಠಗಳೆಲ್ಲ ಅದರಲ್ಲಿದ್ದವು. ಪಕ್ಕದ ಕೋಣೆಯಲ್ಲಿ ಅವುಗಳ ನಕಲು ಇಡುವ ಬ್ಯಾಕಪ್ ಪೆಟ್ಟಿಗೆಯೇನೋ ಇತ್ತು. ಆದರೆ ಹಿಂದಿನ ವರ್ಷದಿಂದ ಅದರ ಕೆಲಸ ದಿನವೂ ಅರ್ಧಕ್ಕೇ ನಿಂತುಹೋಗುತ್ತಿದ್ದುದನ್ನು ಯಾರೂ ಗಮನಿಸಿರಲಿಲ್ಲ. ಗಮನಿಸಬೇಕಾಗಿದ್ದವನು ಸ್ಟುಡಿಯೋ ನಡೆಸುತ್ತಿದ್ದ ಅವಳ ಗಂಡ. ಅವನು ತೀರಿಕೊಂಡ ಮೇಲೆ ಅವನ ಕುರ್ಚಿಯಲ್ಲಿ ಅವಳು ಕೂತಿದ್ದಳು, ಅಷ್ಟೆ.

ಈಗ, ಡಿಸ್ಕು ಪೂರ್ತಿ ಕೆಡುವ ಮೊದಲು, ಪಾಠಗಳನ್ನು ಪೆಟ್ಟಿಗೆಗೆ ಸಾಗಿಸಲು ಹೊರಟರೆ ಅದು ಆಮೆಗೂ ನಾಚಿಕೆಯಾಗುವಷ್ಟು ನಿಧಾನ.

"ಅತ್ತಿಗೆ, ಕೇಬಲ್ ಬದಲಾಯಿಸಿದ್ದಾಯ್ತು, ನೆಟ್‌ವರ್ಕ್ ಸ್ವಿಚ್ ಬದಲಾಯಿಸಿದ್ದಾಯ್ತು," ಎಂದ ಮೈದುನ, ಮಂಡಿಯ ಧೂಳು ಕೊಡವುತ್ತ. "ಇನ್ನು ಬದಲಾಯಿಸೋಕೆ ಉಳಿದಿರೋದು ನನ್ನ ತಲೆ ಒಂದೇ."

"ಒಳ್ಳೇದು ಸಿಕ್ಕಿದ್ರೆ ನಂಗೂ ಒಂದು ತಾ."

ಅವನು ನಗಲು ಹೋದ. ಅವಳ ಮುಖದಲ್ಲಿ ನಗು ಇರಲಿಲ್ಲ.

ಅವಳು ಬ್ಯಾಕಪ್ ಪೆಟ್ಟಿಗೆಯ ಮುಂದೆಯೇ ಕೂತು, ನೆಟ್‌ವರ್ಕನ್ನು ಪಕ್ಕಕ್ಕಿಟ್ಟು, ಅದರ ಡಿಸ್ಕಿಗೆ ನೇರವಾಗಿ ಒಂದು ದೊಡ್ಡ ಫೈಲು ಬರೆಸಿದಳು. ಅಲ್ಲೂ ಅದೇ ತೆವಳಾಟ.

"ದಾರಿ ಸರಿಯಾಗೇ ಇದೆ. ಪೆಟ್ಟಿಗೆಯೊಳಗೇ ಏನೋ ಆಗಿದೆ."

"ಹಾಗಾದ್ರೆ ನಾನು ಬೆಳಗ್ಗೆಯಿಂದ ಮಾಡಿದ್ದು?"

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರಂತೆ."

ಪೆಟ್ಟಿಗೆಯನ್ನು ಆಫ್ ಮಾಡಿ ಮುಚ್ಚಳ ಬಿಚ್ಚಿದಳು. ಡಿಸ್ಕುಗಳನ್ನು ನಡೆಸುವ ಕಾರ್ಡಿನ ಮೂಲೆಯಲ್ಲಿ ಏನಾದರೂ ಕೆಟ್ಟರೆ ಕೂಗುವ, ಅಂಗಿ ಗುಂಡಿಯಷ್ಟಗಲದ ಬಝರ್ ಇರಬೇಕು. ಆ ಜಾಗದಲ್ಲಿ ಕಪ್ಪು ಸ್ಪಂಜಿನ ತುಂಡೊಂದು ಕೂತಿತ್ತು. ಸದ್ದು ಹೀರಲು ಸ್ಟುಡಿಯೋದ ಗೋಡೆಗೆ ಅಂಟಿಸುವ ಸ್ಪಂಜು. ಅಂಚನ್ನು ನೇರವಾಗಿ ಕತ್ತರಿಸಿ, ಮೇಲೆ ಎರಡು ಸುತ್ತು ಟೇಪು. ಟೇಪಿನ ತುದಿಯನ್ನು ಒಳಕ್ಕೆ ಮಡಚಲಾಗಿತ್ತು, ಮುಂದಿನ ಸಲ ಬಿಚ್ಚಲು ಸುಲಭವಾಗಲೆಂದು. ಮನೆಯಲ್ಲೂ ಹಾಗೆ ಮಡಚುತ್ತಿದ್ದವನು ಒಬ್ಬನೇ.

ಅವಳು ಟೇಪು ಬಿಚ್ಚಿ ಪೆಟ್ಟಿಗೆಯನ್ನು ಆನ್ ಮಾಡಿದಳು. ಕೀಂ, ಕೀಂ ಎಂದು ಅದು ಕೂಗತೊಡಗಿತು.

"ಕಾರ್ಡಿನ ಬ್ಯಾಟರಿ ಸತ್ತಿದೆ," ಎಂದಳು, ಪರದೆಯ ಮೇಲಿನ ಎಚ್ಚರಿಕೆ ಓದಿ. ಬಂದದ್ದನ್ನು ಕಾರ್ಡು ಮೊದಲು ತನ್ನ ನೆನಪಿನಲ್ಲಿಟ್ಟುಕೊಂಡು, ಮುಂದಿನದನ್ನು ಕಳಿಸು ಎನ್ನುತ್ತದೆ. ಕರೆಂಟು ಹೋದರೂ ಆ ನೆನಪು ಅಳಿಯದಂತೆ ಕಾಯುವುದು ಬ್ಯಾಟರಿ. ಅದು ಸತ್ತರೆ ಕಾರ್ಡು ತನ್ನ ನೆನಪನ್ನೇ ನಂಬುವುದಿಲ್ಲ. ಒಂದೊಂದು ತುಣುಕನ್ನೂ ಡಿಸ್ಕಿಗೆ ಬರೆದು ಮುಗಿಸಿ, ಆಮೇಲಷ್ಟೇ ಮುಂದಿನದಕ್ಕೆ ಕೈಚಾಚುತ್ತದೆ. ಬ್ಯಾಕಪ್ ದಿನವೂ ಅರ್ಧಕ್ಕೇ ನಿಲ್ಲುತ್ತಿದ್ದುದು ಅದಕ್ಕೇ.

"ಕೂಗಿ ಕೂಗಿ ಹೇಳ್ತಿತ್ತು. ಪಾಠದ ಮಧ್ಯೆ ಸದ್ದು ಬೀಳುತ್ತೆ ಅಂತ ನಿಮ್ಮಣ್ಣ ಬಾಯಿ ಮುಚ್ಚಿಸಿದ್ದಾರೆ."

ಎದೆ ಹಿಡಿದುಕೊಂಡಾಗಲೂ ಅಣ್ಣ 'ಗ್ಯಾಸು ಕಣೋ, ಈ ಪಾಠ ಒಂದು ಮುಗಿಯಲಿ' ಎಂದು ಮಾತ್ರೆ ಚೀಪುತ್ತ ಕೂತಿದ್ದನ್ನು ಇಬ್ಬರೂ ನೋಡಿದ್ದರು.

"ಹೊಸ ಬ್ಯಾಟರಿ ಬರೋಕೆ ಒಂದು ವಾರ ಬೇಕು," ಎಂದ ಮೈದುನ. "ಬ್ಯಾಟರಿ ಇಲ್ಲದಿದ್ರೂ ನೆನಪು ಬಳಸು ಅಂತ ಕಾರ್ಡಿಗೆ ಹೇಳ್ಬಹುದಲ್ವಾ?"

"ಕರೆಂಟು ಹೋದ್ರೆ ಬರೆದದ್ದೂ ಕೆಡುತ್ತೆ."

"ಹೋಗದಿದ್ರೆ?"

ಡಿಸ್ಕು ಮತ್ತೆ ಕರಕರ ಎಂದಿತು. ಅವಳು ಯುಪಿಎಸ್‌ನ ಹಸಿರು ದೀಪ ನೋಡಿದಳು, ಕಾರ್ಡಿಗೆ ಅಪ್ಪಣೆ ಕೊಟ್ಟಳು. ಯಾವುದು ಮೊದಲು ಹೋಗಬೇಕೆಂದು ಜೋಡಿಸಿದಳು. ವಿಜ್ಞಾನ, ಚರಿತ್ರೆ, ಗಣಿತ. ಎಲ್ಲಕ್ಕಿಂತ ಕೆಳಗೆ 'ಮೈಕ್ ಪರೀಕ್ಷೆ'.

"ಅದನ್ನ ಮೊದಲು ಹಾಕಿ ಅತ್ತಿಗೆ," ಎಂದ ಮೈದುನ ಮೆಲ್ಲಗೆ. ಪ್ರತಿ ಪಾಠಕ್ಕೂ ಮುಂಚೆ ಗಂಡ ಮೈಕಿನೆದುರು ಕೂತು ಹೇಳಿದ್ದು ಅದರಲ್ಲಿತ್ತು. ಒಂದು, ಎರಡು, ಕೇಳಿಸ್ತಿದೆಯಾ? ಒಮ್ಮೊಮ್ಮೆ ಕೆಮ್ಮು. ಅವನ ದನಿ ಬೇರೆಲ್ಲೂ ಉಳಿದಿರಲಿಲ್ಲ. ಅವಳು ಅದನ್ನು ಇನ್ನೂ ತೆರೆದಿರಲಿಲ್ಲ.

"ಮಕ್ಕಳಿಗೆ ಪರೀಕ್ಷೆ ಹತ್ತಿರ ಇದೆ," ಎಂದಳು.

ಕಡತಗಳು ಈಗ ಓಡಿದವು. ವಿಜ್ಞಾನ ಮುಗಿಯಿತು. ಚರಿತ್ರೆ ಮುಗಿಯಿತು. ಮಧ್ಯಾಹ್ನ ಕಳೆದು ಬಿಸಿಲು ಕಿಟಕಿ ಬಿಟ್ಟು ಗೋಡೆಗೆ ಸರಿಯುವ ಹೊತ್ತಿಗೆ ಗಣಿತದ ಕೊನೆಯ ಪಾಠವೂ ದಾಟಿತು. ಕರೆಂಟು ಹೋಗಲಿಲ್ಲ. ಮೈದುನ ಮೊದಲ ಸಲ ಗೋಡೆಗೆ ಒರಗಿದ.

'ಮೈಕ್ ಪರೀಕ್ಷೆ' ಶುರುವಾದ ಕೂಡಲೇ ಹಳೆಯ ಡಿಸ್ಕು ಎರಡು ಸಲ ಟಕ್ ಎಂದಿತು. ಆಮೇಲೆ ತಿರುಗುವ ಸದ್ದೂ ನಿಂತಿತು. ಆಫ್ ಮಾಡಿ ಆನ್ ಮಾಡಿದರು. ತಣ್ಣಗಾಗಲು ಬಿಟ್ಟು ಮತ್ತೆ ಆನ್ ಮಾಡಿದರು. ಅದು ಏಳಲಿಲ್ಲ.

ಪೆಟ್ಟಿಗೆಯ ಕಡೆ ನೋಡಿದಳು. ಆ ಹೆಸರಿನ ಕೆಳಗೆ ಏನೂ ಬಂದಿರಲಿಲ್ಲ.

ಬಝರ್ ಒಂದೇ ಸಮನೆ ಕೂಗುತ್ತಿತ್ತು. ಮೈದುನ ಕಣ್ಣೊರೆಸಿಕೊಂಡು, ನೆಲದ ಮೇಲಿದ್ದ ಸ್ಪಂಜಿನ ತುಂಡನ್ನು ಎತ್ತಿಕೊಂಡ. "ಬ್ಯಾಟರಿ ಬರೋವರೆಗಾದ್ರೂ ಮುಚ್ಚಲಾ ಅತ್ತಿಗೆ? ತಲೆ ಸಿಡೀತಿದೆ. ನಾಳೆ ರೆಕಾರ್ಡಿಂಗ್ ಬೇರೆ ಇದೆ."

ಅವಳು ಅವನ ಕೈಯಿಂದ ಅದನ್ನು ತೆಗೆದುಕೊಂಡಳು. ಅಂಟು ಒಣಗಿದ್ದರೂ ಟೇಪಿನ ಮಡಚಿದ ತುದಿ ಹಾಗೇ ಇತ್ತು.

"ರೆಕಾರ್ಡಿಂಗ್ ಮುಂದಕ್ಕೆ ಹಾಕು," ಎಂದಳು. "ಅದು ಕೂಗ್ಲಿ."