ಅಮ್ಮನ ಬಲ, ನನ್ನ ಎಡ

ಸುಳ್ಳು ಹೇಳಲಿಲ್ಲ ನಾನು. ಹೂ ಬಿದ್ದದ್ದು ಎಡಗಡೆಗೇ. ನನ್ನ ಎಡಗಡೆಗೆ. ನಲ್ಲಿಯ ಮುಂದೆ ಕೊಡ ಹಿಡಿದು ನಿಂತಾಗಲೆಲ್ಲ ಈ ಮಾತನ್ನು ಮೂರು ವರ್ಷ ನನಗೆ ನಾನೇ ಹೇಳಿಕೊಂಡೆ. ಎಷ್ಟು ಹೇಳಿಕೊಂಡರೂ ಒಂದು ದಿನವಾದರೂ ಸಮಾಧಾನ ಆಯಿತೇ? ಇಲ್ಲ.

ಮೊದಲಿನಿಂದ ಹೇಳುತ್ತೇನೆ. ನಮ್ಮದು ಬಡವನಹಳ್ಳಿ ಹತ್ತಿರದ ಒಂದು ಸಣ್ಣ ಊರು. ನಮ್ಮ ಯಜಮಾನರ ಹೆಸರು ಬಾಯಲ್ಲಿ ಹೇಳಬಾರದು, ಆದರೆ ಹೇಳದಿದ್ದರೆ ನಿಮಗೆ ಕತೆ ತಿಳಿಯುವುದಿಲ್ಲ. ಗಂಗಹನುಮಯ್ಯ. ಮಧುಗಿರಿಯಲ್ಲಿ ಲೋವರ್ ಸೆಕೆಂಡರಿ ಮುಗಿಸಿದವರು. ಅವರಿಗೆ ಬೆಂಗಳೂರಿನ ಒಂದು ಬಟ್ಟೆ ಗಿರಣಿಯಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತು. ಆರು ತಿಂಗಳು ಒಬ್ಬರೇ ಇದ್ದು, ಹೋಟೆಲಿನ ಊಟಕ್ಕೆ ಹೊಟ್ಟೆ ಕೆಡಿಸಿಕೊಂಡು, ಮಹಾರಾಜರ ವರ್ಧಂತಿಗೆ ರಜ ಸಿಕ್ಕಾಗ ಊರಿಗೆ ಬಂದರು. ಬಂದವರು ಕಾಲು ತೊಳೆಯುವ ಮೊದಲೇ ಹೇಳಿದರು, “ಎರಡು ಮನೆ ನೋಡಿಟ್ಟು ಬಂದಿದೀನಿ ಕಣವ್ವ. ಯಾವುದು ಅಂತ ನೀನೇ ಹೇಳಬೇಕು.”

‘ಅವ್ವ’ ಎಂದರೆ ನನ್ನ ಅತ್ತೆ ಕೆಂಚಮ್ಮ. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆದರೆ ಊರಲ್ಲಿ ಅವರಿಗೆ ಕಣ್ಣೇ ಬೇಕಿರಲಿಲ್ಲ. ಹೊಸಿಲಿಂದ ಕೊಟ್ಟಿಗೆಗೆ ಹದಿಮೂರು ಹೆಜ್ಜೆ, ಕೊಟ್ಟಿಗೆಯಿಂದ ಹುಣಸೆಮರಕ್ಕೆ ಮೂವತ್ತು. ಕಾಲೇ ಎಣಿಸಿಕೊಂಡು ಹೋಗುತ್ತಿತ್ತು. ಉಳಿದದ್ದಕ್ಕೆ ನಾನಿದ್ದೆ. “ನರಸಿ, ಮೋಡ ಐತಾ? ನರಸಿ, ರಾಗಿ ಹಸನಾಗೈತಾ?” ಎಂದು ಕೇಳುವರು, ನಾನು ಹೇಳಿದ್ದೇ ಅವರು ಕಂಡದ್ದು. ಬಂದವರಿಗೆಲ್ಲ ನನ್ನನ್ನು ತೋರಿಸಿ, “ಇವಳು ಸೊಸೆ ಅಲ್ಲ ಕಣ್ರಪ್ಪ, ನನ್ನ ಕಣ್ಣು” ಎನ್ನುವರು. ಊರಲ್ಲಿ ಹೊಲ ನೋಡಿಕೊಂಡಿದ್ದ ಮೈದುನ ದೊಡ್ಡರಂಗಪ್ಪ, “ನೀನು ಇಲ್ಲೇ ಇರವ್ವ, ಪ್ಯಾಟೆ ನಿಂಗ್ಯಾಕೆ?” ಎಂದರೆ, “ನನ್ನ ಕಣ್ಣು ಎಲ್ಲಿಗೆ ಹೋಗ್ತದೋ ನಾನೂ ಅಲ್ಲಿಗೇ” ಎಂದುಬಿಟ್ಟರು. ನಗುತ್ತಾ ಹೇಳಿದರು. ನಾನೂ ನಕ್ಕೆ.

ನಮ್ಮವರು ಜಗಲಿಯ ಮೇಲೆ ಕೂತು ಎರಡೂ ಮನೆಯ ವರ್ಣನೆ ಮಾಡಿದರು. ಒಂದು ಪೇಟೆಯ ಒಳಗೆ, ಒಂದು ಓಣಿಯಲ್ಲಿ. ಗೋಡೆಗೆ ಗೋಡೆ ಅಂಟಿದ ಮನೆಗಳು, ಬಾಗಿಲು ತೆಗೆದರೆ ಬೀದಿ. ಇನ್ನೊಂದು ಮಲ್ಲೇಶ್ವರದಿಂದಲೂ ಆಚೆ, ಹೊಸದಾಗಿ ಸೈಟು ಗುರುತು ಹಾಕಿದ ಎಕ್ಸ್‌ಟೆನ್ಷನ್ನಿನಲ್ಲಿ. ಸುತ್ತ ಬಯಲು, ಮುಂದೆ ಒಂದು ಹೊಂಗೆಮರ, ಹಿಂದೆ ಬಾವಿ. ಹಸು ಕಟ್ಟಬಹುದು. ಪಕ್ಕದ ರಸ್ತೆಯಲ್ಲೇ ಹೆಣ್ಣುಮಕ್ಕಳ ಇಸ್ಕೂಲು.

“ಅಂಗಳ ಐತೇನ್ಲಾ?” ಎಂದು ಅತ್ತೆ ಕೇಳಿದರು.

“ಪ್ಯಾಟೆ ಮನೇಲಿ ಇಲ್ಲ ಕಣವ್ವ. ಆಚೆ ಮನೇಲಿ ಐತೆ, ನಮ್ಮ ಅಂಗಳದಷ್ಟೇ.”

“ಪ್ಯಾಟೆ ಮನೇಲಿ ಏನೈತೆ ಮತ್ತೆ?”

“ಓಣಿ ತುದೀಲಿ ನಲ್ಲಿ ಐತೆ. ತಿರುವಿದ್ರೆ ನೀರು.”

ಒಳಗೆ ಮುದ್ದೆ ತಿರುವುತ್ತಿದ್ದ ನನ್ನ ಕೈ ನಿಂತಿತು. ಎರಡನೇ ಬಾಣಂತನ ಆದಾಗಿನಿಂದ ನನ್ನ ಸೊಂಟ ನನ್ನದಾಗಿರಲಿಲ್ಲ. ಊರಬಾವಿಗೆ ಮೂವತ್ತೆರಡು ಮೆಟ್ಟಿಲು. ತಲೆಯ ಮೇಲೊಂದು ಕೊಡ, ಕಂಕುಳಲ್ಲೊಂದು ಕೊಡ ಹೊತ್ತು ಹತ್ತುವಾಗ ಅರ್ಧ ದಾರಿಯಲ್ಲಿ ಕಣ್ಣು ಕತ್ತಲಾಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಸೊಸೆಯಾದವಳು ಸೊಂಟ ನೋವು ಎಂದರೆ ಊರಿಗೆ ಊರೇ ಮೈಗಳ್ಳಿ ಅನ್ನುತ್ತದೆ. ಬೆಂಗಳೂರಿಗೆ ಹೋಗಿಯೂ ಬಾವಿ ಸೇದುವುದೇ? ಹಣೆಬರಹ! ಯಾವ ಮನೆ ಬೇಕು ಎಂದು ಯಾರೂ ನನ್ನನ್ನು ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಇನ್ನೊಂದು ನಿಜವನ್ನೂ ಹೇಳಿಬಿಡುತ್ತೇನೆ. ಪೇಟೆಯ ದೀಪ, ಬಳೆ ಅಂಗಡಿ ನೋಡುವ ಆಸೆಯೂ ಇತ್ತು. ಎಲ್ಲ ಸೊಂಟದ ಮೇಲೆ ಹಾಕುವುದು ನ್ಯಾಯ ಅಲ್ಲ.

ತಾಯಿ ಮಗನಿಗೆ ತೀರ್ಮಾನ ಆಗಲಿಲ್ಲ. ಪೇಟೆ ಮನೆ ಗಿರಣಿಗೆ ಹತ್ತಿರ, ಆಚೆ ಮನೆ ಮಕ್ಕಳಿಗೆ ಒಳ್ಳೆಯದು. ಕೊನೆಗೆ ಅತ್ತೆ, “ನಮಗ್ಯಾಕ್ಲಾ ಈ ತಲೆನೋವು? ಅಮ್ಮನ್ನೇ ಕೇಳಿದ್ರಾಯ್ತು” ಎಂದರು.

ಅಮ್ಮ ಎಂದರೆ ಊರ ಹಿಂದಿನ ಹಾಳು ಕೋಟೆಯ ಬುಡದಲ್ಲಿರುವ ಕೋಟೆ ಮಾರಮ್ಮ. ನಮ್ಮ ಕಡೆ ಹೆಣ್ಣು ತರುವುದಿರಲಿ, ಬಾವಿ ತೋಡುವುದಿರಲಿ, ಅವಳ ಹೂ ಆಗದೆ ಆಗುವುದಿಲ್ಲ. ಪೂಜಾರಿ ಅಮ್ಮನ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸುತ್ತಾನೆ. ನಾವು ಕೇಳಿಕೊಳ್ಳಬೇಕು. ಯಾವ ಕಡೆಯ ಹೂ ಬೀಳುತ್ತದೋ ಅದೇ ಅಪ್ಪಣೆ. ಬಲ ಎಂದರೆ ಅಮ್ಮನ ಬಲ, ಎಡ ಎಂದರೆ ಅಮ್ಮನ ಎಡ. ಎದುರು ನಿಂತ ನಮಗೆ ಅದು ತಿರುಗುಮುರುಗು. ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಮಾತು ಇದು. ನನಗೆ ಗೊತ್ತಿರಲಿಲ್ಲ ಎಂದು ಹೇಗೆ ಹೇಳಲಿ?

ಮಂಗಳವಾರ ಬೆಳಿಗ್ಗೆ ನಾನೂ ಅತ್ತೆಯೂ ಹೋದೆವು. ನಮ್ಮವರು ಬೆಂಗಳೂರಿಗೆ ಹೋಗುವ ಮೋಟಾರಿನ ವಿಚಾರ ಕೇಳಲು ಮಧುಗಿರಿಗೆ ಹೋಗಿದ್ದರು. ಪೂಜಾರಿ ತಿಪ್ಪಯ್ಯ ಎರಡು ಬಿಳಿ ಕಣಗಿಲೆ ಅಂಟಿಸಿದ. ಅತ್ತೆ ಕೈಮುಗಿದು ಗಟ್ಟಿಯಾಗಿ ಕೇಳಿಕೊಂಡರು, “ತಾಯೀ, ಆಚೆ ಮನೆ ಆಗೋದಾದ್ರೆ ಬಲಕ್ಕೆ ಕೊಡು. ಪ್ಯಾಟೆ ಮನೆ ಆಗೋದಾದ್ರೆ ಎಡಕ್ಕೆ ಕೊಡು. ನನ್ನ ಮೊಮ್ಮಕ್ಕಳು ಬದುಕೋ ಜಾಗ ತೋರ್ಸು.”

ಎಷ್ಟು ಹೊತ್ತಾದರೂ ಹೂ ಬೀಳಲಿಲ್ಲ. ಅಷ್ಟರಲ್ಲಿ ಹೊರಗೆ ತಿಪ್ಪಯ್ಯನ ಮೇಕೆಯೇ ಅವನ ಹೂಬುಟ್ಟಿಗೆ ಬಾಯಿ ಹಾಕಿತು. “ಅಯ್ಯೋ ನಿನ್ನ ವಂಶ ಹಾಳಾಗ!” ಎಂದು ಅವನು ಓಡಿದ. ಅವನು ಹೊಸಿಲು ದಾಟಿದ್ದೇ ತಡ, ಹೂ ಜಾರಿತು. ಅಮ್ಮನ ಬಲಭುಜದಿಂದ ಜಾರಿ, ಪೀಠದ ಮೇಲೆ ಉರುಳಿ, ನನ್ನ ಕಾಲ ಹತ್ತಿರ ಬಂದು ಬಿತ್ತು. ನಾನು ಬಗ್ಗಿ ಎತ್ತಿಕೊಂಡೆ. ಬಗ್ಗಿದಾಗ ಸೊಂಟ ಕಳಕ್ ಎಂದಿತು.

“ಬಿತ್ತೇನೇ? ಯಾವ ಕಡೆ ಬಿತ್ತು ನರಸಿ?” ಎಂದು ಅತ್ತೆ ಕೇಳಿದರು.

“ಎಡಗಡೆ ಅತ್ತೆ” ಎಂದೆ.

ತಿಪ್ಪಯ್ಯ ಏದುಸಿರು ಬಿಡುತ್ತಾ ಬಂದ. “ಎಡ ಆಯ್ತಾ? ಚೆನ್ನಾಗಿ ನೋಡಿದ್ಯೇನವ್ವ?”

“ನೋಡ್ದೆ.”

“ಆಯ್ತು ಬುಡು, ಅಮ್ಮ ಕೊಟ್ಟುಬುಟ್ಟಳು” ಎಂದು ಹೊರಗಿನ ಮೇಕೆಯ ಕಡೆಗೇ ಕಣ್ಣಿಟ್ಟು, ಉಳಿದದ್ದು ಯಾವ ಭುಜದ ಹೂ ಎಂದು ನೋಡದೆಯೇ ಅದನ್ನೂ ತೆಗೆದುಬಿಟ್ಟ. ಅತ್ತೆ ನನ್ನ ಕೈಯಲ್ಲಿದ್ದ ಹೂ ಇಸಿದುಕೊಂಡು ಎರಡು ಕಣ್ಣಿಗೂ ಒತ್ತಿಕೊಂಡರು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಪೇಟೆಗೆ ಬಂದೆವು. ನಲ್ಲಿ ಇತ್ತು, ಸುಳ್ಳಲ್ಲ. ತಿರುವಿದರೆ ನೀರು ಬರುತ್ತಿತ್ತು, ಅದೂ ನಿಜ. ಆದರೆ ದಿನಕ್ಕೆ ಎರಡು ಸಲ, ಬಂದರೆ ಒಂದು ಗಂಟೆ. ಅದಕ್ಕೆ ನಲವತ್ತು ಕೊಡ ಸಾಲುಗಟ್ಟಿರುತ್ತಿದ್ದವು. ಪಕ್ಕದ ಮನೆಯ ದಾಕ್ಷಾಯಣಮ್ಮ ಕೊಡದಿಂದಲೇ ಕೊಡಕ್ಕೆ ಗುದ್ದಿ ಜಾಗ ಮಾಡಿಕೊಳ್ಳುವ ಗಟ್ಟಿಗಿತ್ತಿ. ಅಲ್ಲಿ ಜಗಳ ಆಡಿ, ಎರಡು ಕೊಡ ತುಂಬಿಸಿ, ಓಣಿಯ ಉದ್ದಕ್ಕೂ ಹೊತ್ತು ತರುವುದಕ್ಕೆ ನಮ್ಮೂರ ಮೂವತ್ತೆರಡು ಮೆಟ್ಟಿಲೇ ವಾಸಿ ಅನ್ನಿಸಿತು. ಮಾಡಿದ್ದುಣ್ಣೋ ಮಹರಾಯ ಎಂದು ಗಾದೆ ಇದೆಯಲ್ಲ, ನನಗೇ ಮಾಡಿದ್ದು.

ನಾನಾದರೋ ಮಾಡಿದ್ದು ಉಂಡೆ. ಅತ್ತೆ ಏನು ಮಾಡಿದ್ದರು? ಬಂದ ವಾರದಲ್ಲೇ ಹೆಜ್ಜೆ ಎಣಿಸಲು ಬಾಗಿಲಿಂದ ಹೊರಗೆ ಕಾಲಿಟ್ಟರು. ಒಂದು, ಎರಡು, ಮೂರನೆಯದು ಮೋರಿಗೆ. ತಡಬಡಾಯಿಸಿ ಎದ್ದರೆ ಜಟಕಾದವನು ಮೈಮೇಲೆ ಬಂದಷ್ಟು ಹತ್ತಿರ ಬಂದು ಬೈದು ಹೋದ. ಅವತ್ತಿನಿಂದ ಹೊಸಿಲಿನ ಒಳಗೇ ಕೂತುಬಿಟ್ಟರು. ಮಗಳು ಪುಟ್ಟಕ್ಕನಿಗೂ ಆಡಲು ಜಾಗ ಇಲ್ಲದೆ ಅಜ್ಜಿಯ ಮಡಿಲೇ ಅಂಗಳ ಆಯಿತು. ಆದರೆ ಒಂದು ದಿನವಾದರೂ ಗೊಣಗಿದ್ದರೆ ನನಗೆ ಹಗುರ ಆಗುತ್ತಿತ್ತು. ಗೊಣಗಲಿಲ್ಲ. “ಗಾಳಿ ಇಲ್ಲವಲ್ಲ ಅಜ್ಜಿ, ಹೆಂಗಿರ್ತೀರ?” ಎಂದು ದಾಕ್ಷಾಯಣಮ್ಮ ಕೇಳಿದರೆ, “ನಮ್ಮಮ್ಮನೇ ಆರಿಸಿಕೊಟ್ಟ ಮನೆ ಕಣಮ್ಮ” ಎನ್ನುವರು. ವರ್ಷಕ್ಕೊಮ್ಮೆ ಊರಿಗೆ ಹೋಗುವವರ ಕೈಯಲ್ಲಿ ಅಮ್ಮನಿಗೆ ಉಡಿಯಕ್ಕಿ, ರವಿಕೆ ಕಣ ಕಳಿಸುವರು. ಆ ಕಣ ಮಡಿಸಿ ಕಟ್ಟಿಕೊಡುವುದು ನನ್ನದೇ ಕೆಲಸ.

ಮೂರನೆಯ ವರ್ಷ, ಸಂಕ್ರಾಂತಿ ಕಳೆದ ಮೇಲೆ, ದಾಕ್ಷಾಯಣಮ್ಮನ ಅಡುಗೆಮನೆಯಲ್ಲಿ ಇಲಿ ಬಿತ್ತು. ಒಂದಲ್ಲ, ಮೂರು. ಇಲಿ ಬಿದ್ದರೆ ಪ್ಲೇಗು ಬಂತು ಎಂದೇ ಲೆಕ್ಕ. ಮಾರನೆಯ ದಿನ ಓಣಿಯ ಅರ್ಧ ಬಾಗಿಲಿಗೆ ಬೀಗ ಬಿತ್ತು. ನಾನು ಗಳಿಗೆಗೊಮ್ಮೆ ಮಕ್ಕಳ ಕಂಕುಳು, ತೊಡೆಸಂದು ಮುಟ್ಟಿ ಗಡ್ಡೆ ಎದ್ದಿದೆಯೇ ಎಂದು ನೋಡುತ್ತಿದ್ದೆ. ಮಗ ಕಚಗುಳಿ ಎಂದು ನಗುತ್ತಿದ್ದ.

ನಮ್ಮವರು ಗಿರಣಿಯಿಂದ ಓಡುತ್ತಲೇ ಬಂದರು. “ಆಚೆ ಎಕ್ಸ್‌ಟೆನ್ಷನ್ ಮನೆ ಮತ್ತೆ ಖಾಲಿ ಐತಂತೆ ಕಣವ್ವ. ಗಾಡಿ ಹೇಳಿ ಬಂದಿದೀನಿ, ಏಳು.”

ಅತ್ತೆ ಏಳಲಿಲ್ಲ. “ಯಾವ ಮನೆ? ಅಮ್ಮ ಬ್ಯಾಡ ಅಂದ ಮನೆಯಾ?”

“ಅವ್ವ, ಪಕ್ಕದಲ್ಲೇ ಇಲಿ ಬಿದ್ದೈತೆ!”

“ಇಲಿ ಬಿದ್ದ ಮನೇಲಿ ಒಬ್ಬರು ಹೋಗ್ಬೋದು, ಇಬ್ಬರು ಹೋಗ್ಬೋದು. ಅಮ್ಮ ಬ್ಯಾಡ ಅಂದ ಮನೇಲಿ ವಂಶವೇ ಹೋಗ್ತದೆ ಕಣ್ಲಾ. ನನ್ನ ಮೊಮ್ಮಕ್ಕಳನ್ನ ಅಲ್ಲಿಗೆ ಕಳಿಸಾಕಿಲ್ಲ.” ಹೀಗೆಂದು ಪುಟ್ಟಕ್ಕನನ್ನೂ ಅವಳ ತಮ್ಮನನ್ನೂ ಎರಡು ಕೈಯಲ್ಲಿ ಬಿಗಿಯಾಗಿ ತಬ್ಬಿಕೊಂಡು ಕೂತರು.

ನಮ್ಮವರು ಓದಿದವರು, ಗಿರಣಿಯ ಗುಮಾಸ್ತೆ. ಆದರೂ ಅಮ್ಮನ ಹೆಸರು ಬಂದ ಕೂಡಲೇ ಅವರ ಮುಖ ಸಣ್ಣದಾಯಿತು. “ಹಂಗಾದ್ರೆ ಊರಿಗೆ ಹೋಗಿ ಇನ್ನೊಂದು ಸಲ ಹೂ ಕೇಳ್ಕೊಂಡು ಬರ್ತೀನಿ” ಎಂದರು. ಹೋಗಿ ಬರಲು ಮೂರು ದಿನ. ಮೂರು ದಿನ ಮಕ್ಕಳು ಇಲ್ಲೇ ಇರಬೇಕು.

ನನಗೆ ಇನ್ನು ತಡೆಯಲಾಗಲಿಲ್ಲ. ಅತ್ತೆಯ ಮುಂದೆ ಕೂತು ಹೇಳಿದೆ. “ಅತ್ತೆ, ಹೂ ಬಿದ್ದಿದ್ದು ಅಮ್ಮನ ಬಲಕ್ಕೆ. ಎದುರು ನಿಂತ ನಂಗೆ ಎಡ. ನಾನು ನನ್ನ ಎಡ ಹೇಳ್ದೆ. ಗೊತ್ತಿದ್ದೇ ಹೇಳ್ದೆ.”

ನಮ್ಮವರು ಕೈ ಎತ್ತಿಕೊಂಡು ಬಂದರು. ಹೊಡೆದಿದ್ದರೆ ಚೆನ್ನಾಗಿತ್ತು. “ಬುಡ್ಲಾ” ಎಂದು ಅತ್ತೆ ತಡೆದರು. ನನ್ನ ಕಡೆ ತಿರುಗಿ, “ಯಾಕೆ?” ಎಂದು ಒಂದೇ ಮಾತು ಕೇಳಿದರು.

“ನಲ್ಲಿ ನೀರು ಅತ್ತೆ. ಸೊಂಟ ನೋಯ್ತಿತ್ತು. ಬಾವಿ ಸೇದಕ್ಕೆ ಆಗ್ತಿರಲಿಲ್ಲ.”

ಅತ್ತೆ, “ಸೊಂಟ ನೋಯ್ತದೆ ಅಂತ ನಂಗೆ ಹೇಳಿದ್ರೆ ಆಗ್ತಿತ್ತಲ್ಲೇ ನರಸಿ. ನಾನೇನು ನೀರು ಹೊರದೇ ಇದ್ದವಳಾ? ಪ್ಯಾಟೆ ಮನೇನೇ ಹಿಡಿಯೋ ಅಂತ ನಾನೇ ಹೇಳ್ತಿದ್ದೆ. ಅದಕ್ಕೆ ತಾಯಿನ ಯಾಕೆ ಎಳ್ಕೊಂಡು ಬಂದೆ?” ಎಂದರು. ಮೈಗಳ್ಳಿ ಅನ್ನುತ್ತಾರೆ ಎಂದು ನಾನು ಹೆದರಿದ್ದು ಈ ಹೆಂಗಸಿಗೆ! ಅತ್ತುಬಿಟ್ಟೆ. ಅವರು ಮಕ್ಕಳ ಕೈ ಬಿಟ್ಟು, “ಏಳ್ರಪ್ಪ, ಗಾಡಿ ಹತ್ರಿ” ಎಂದರು.

ಎಕ್ಸ್‌ಟೆನ್ಷನ್ ಮನೆಯ ಮುಂದೆ ಗಾಡಿ ನಿಂತಿತು. ಅತ್ತೆ ಇಳಿಯುವಾಗ ಯಾವಾಗಲೂ ನನ್ನ ಹೆಗಲು ಹಿಡಿಯುವವರು. ನಾನು ಹೆಗಲು ಕೊಟ್ಟು ನಿಂತೆ. “ಪುಟ್ಟಕ್ಕ, ಎಲ್ಲಿದೀಯವ್ವ?” ಎಂದು ಗಾಳಿಯಲ್ಲಿ ಕೈ ಚಾಚಿದರು. ಏಳು ವರ್ಷದ ಹುಡುಗಿಯ ತಲೆಯ ಮೇಲೆ ಕೈ ಊರಿ ಇಳಿದರು.

ಈಗ ಇಲ್ಲಿಗೆ ಬಂದು ಎಂಟು ತಿಂಗಳು. ಮಕ್ಕಳು ಚೆನ್ನಾಗಿದ್ದಾರೆ. ಪುಟ್ಟಕ್ಕ ಇಸ್ಕೂಲಿಗೆ ಹೋಗುತ್ತಾಳೆ, ಅವಳ ತಮ್ಮ ದಿನವಿಡೀ ಹೊಂಗೆಮರದ ಕೆಳಗೆ ಮಣ್ಣಾಟ ಆಡುತ್ತಾನೆ. ಅತ್ತೆ ಹಿತ್ತಿಲ ಬಾಗಿಲಿಂದ ಬಾವಿಗೆ ಹನ್ನೊಂದು ಹೆಜ್ಜೆ ಎಂದು ಎಣಿಸಿಕೊಂಡಿದ್ದಾರೆ. ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಹಂಡೆ ತುಂಬಿರುತ್ತದೆ. ಕಣ್ಣು ಕಾಣದವರು, ಕಟ್ಟೆ ತಡವಿಕೊಂಡು, ಹಗ್ಗ ತಡವಿಕೊಂಡು ಸೇದಿರುತ್ತಾರೆ. “ಬಿಡಿ ಅತ್ತೆ, ನಾನು ಸೇದ್ತೀನಿ” ಎಂದು ಕಾಲು ಹಿಡಿದುಕೊಂಡಿದ್ದೇನೆ. “ಸೊಂಟ ನೋಯ್ತದೆ ಅಂದ್ಯಲ್ಲ” ಎನ್ನುತ್ತಾರೆ. ಅದರಲ್ಲಿ ಕೋಪ ಇಲ್ಲ, ಕುಹಕ ಇಲ್ಲ. ನನ್ನೊಂದಿಗೆ ಊಟ, ತಿಂಡಿ, ಮಾತು ಎಲ್ಲ ಮೊದಲಿನ ಹಾಗೇ. ಒಂದೇ ಒಂದು ಇಲ್ಲ. ಮೋಡ ಐತಾ ಎಂದು ನನ್ನನ್ನು ಕೇಳುವುದಿಲ್ಲ. ರಾಗಿ ಹಸನಾಗೈತಾ ಎಂದು ಕೇಳುವುದಿಲ್ಲ. ಬಂದವರ ಮುಂದೆ ನನ್ನನ್ನು ಕಣ್ಣು ಎನ್ನುವುದಿಲ್ಲ. ಸೊಸೆ ಎನ್ನುತ್ತಾರೆ.

ಬಾವಿಯ ಹತ್ತಿರ ಅವರೇ ಒಂದು ಕಣಗಿಲೆ ಕಡ್ಡಿ ನೆಟ್ಟಿದ್ದರು. ಇವತ್ತು ಬೆಳಿಗ್ಗೆ ಅದು ಮೊದಲ ಹೂ ಬಿಟ್ಟಿತು. ನಾನು ಬಾವಿಕಟ್ಟೆಯ ಮೇಲೆ ಬಟ್ಟೆ ಒಗೆಯುತ್ತಿದ್ದೆ, ಗಿಡದಿಂದ ಎರಡು ಮಾರು ದೂರ. ಅತ್ತೆ ಗಿಡದ ಮುಂದೆ ಬಂದು ನಿಂತು, ಒಳಗಿದ್ದ ಪುಟ್ಟಕ್ಕನನ್ನು ಕೂಗಿದರು. ಜಡೆ ಹೆಣೆದುಕೊಳ್ಳುತ್ತಿದ್ದವಳು ಓಡಿ ಬಂದು, ಗಿಡದ ಆಚೆ ಬದಿಯಲ್ಲಿ ಅಜ್ಜಿಗೆ ಎದುರಾಗಿ ನಿಂತಳು.

“ಹೂ ವಾಸನೆ ಬತ್ತಾ ಐತೆ. ಯಾವ ಕಡೆ ಬಿಟ್ಟೈತವ್ವ? ಬಲಕ್ಕಾ, ಎಡಕ್ಕಾ?”

ಪುಟ್ಟಕ್ಕ ಹೂ ನೋಡಿದಳು. ತನ್ನ ಕೈ ನೋಡಿಕೊಂಡಳು. ಅಜ್ಜಿಯ ಕೈ ನೋಡಿದಳು. “ನಿನ್ನ ಬಲಾನಾ, ನನ್ನ ಬಲಾನಾ ಅಜ್ಜಿ?” ಎಂದು ಕೇಳಿದಳು.

ಅತ್ತೆ ನಕ್ಕರು. ಮೂರು ವರ್ಷದಲ್ಲಿ ಅವರು ಅಷ್ಟು ಗಟ್ಟಿಯಾಗಿ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. “ನನ್ನ ಚಿನ್ನ! ಅಂಗೆ ಕೇಳ್ಬೇಕು” ಎಂದು ಮಗುವಿನ ಕೆನ್ನೆ ತಡವಿ, “ನನ್ನ ಬಲ ಕಣವ್ವ” ಎಂದರು.

ನಾನು ತಲೆ ತಗ್ಗಿಸಿ ಬಟ್ಟೆ ಹಿಂಡುತ್ತಿದ್ದೆ. ಹೂ ಯಾವ ಕಡೆ ಇದೆ ಎಂದು ನನಗೂ ಕಾಣುತ್ತಿತ್ತು. ನನ್ನನ್ನು ಯಾರೂ ಕೇಳಲಿಲ್ಲ.