ನಿಜವಾದರೆ ಮನೆಗೆ

"ಆ ಕೋಟು ಬಿಚ್ಚಿ ಇಲ್ಲಿ ಬಂದು ಮಲ್ಕೋ ಬೆಕ್ಕೇ, ಮಂಚದಲ್ಲಿ ಜಾಗ ಇದೆ," ಎಂದರು ಆಸ್ಪತ್ರೆಯ ಮಂಚದಲ್ಲಿ ಮಲಗಿದ್ದ ಟೀಚರು.

ಹಣ್ಣಿನ ಬುಟ್ಟಿಯನ್ನು ಮೇಜಿನ ಮೇಲಿಡುತ್ತಿದ್ದ ಶಾಸಕಿ ಬಗ್ಗಿದವಳು ಬಗ್ಗಿದಂತೆಯೇ ನಿಂತಳು. ಅವಳ ಬೆನ್ನ ಹಿಂದೆ ಪಕ್ಷದ ಹೆಂಗಸರ ಗುಂಪು, ಒಬ್ಬ ಫೋಟೋಗ್ರಾಫರ್, ಬಾಗಿಲಿಗೆ ಒರಗಿ ನಿಂತ ಪಿ.ಎ. ಗುಂಪಿನಲ್ಲಿ ಯಾರೋ ಕಿಸಕ್ಕೆಂದರು.

"ಪಾಪ, ಮನೇಲಿ ಬೆಕ್ಕು ಸಾಕಿದ್ರಲ್ಲ, ಅದರದ್ದೇ ಜ್ಞಾಪಕ," ಎಂದ ಪಿ.ಎ.

"ಬೆಕ್ಕಿಗೆ ಕೋಟು ಎಲ್ಲಿಂದ ಬಂತಪ್ಪಾ?" ಟೀಚರು ನಕ್ಕರು. "ನಾನು ಇವಳಿಗೆ ಹೇಳಿದ್ದು. ಇವಳ ಕಾಲು ಯಾವಾಗಲೂ ತಣ್ಣಗೆ. ನನ್ನ ಹೊಟ್ಟೆಗೆ ಒತ್ತಿಕೊಳ್ಳದೆ ನಿದ್ದೆಯೇ ಬರಲ್ಲ ಇವಳಿಗೆ."

ಈ ಸಲ ಯಾರೂ ನಗಲಿಲ್ಲ. ರೋಗಿಗೆ ವಿಶ್ರಾಂತಿ ಬೇಕೆಂದು ಪಿ.ಎ. ಎಲ್ಲರನ್ನೂ ಕೋಳಿಮರಿಗಳ ಹಾಗೆ ಹೊರಗಟ್ಟಿದ. ಶಾಸಕಿ ಕೊನೆಯವಳಾಗಿ ಹೊರಬಂದಳು. ಕೋಟಿನ ಬಟನ್ನುಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡಿದ್ದಳು.

ವರಾಂಡದಲ್ಲಿ ಡಾಕ್ಟರು ಅವಳಿಗೆ ವಿಷಯ ಬಿಡಿಸಿ ಹೇಳಿದರು. ಮಿದುಳಿನ ಮುಂಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ. ಕೈಕಾಲು ಸರಿಯಾಗಿವೆ, ನೆನಪೂ ಸರಿಯಾಗಿದೆ. "ಯಾವುದನ್ನ ಹೇಳಬೇಕು, ಯಾವುದನ್ನ ನುಂಗಿಕೊಳ್ಳಬೇಕು ಅನ್ನೋ ಕಡಿವಾಣ ಮಾತ್ರ ಹೋಗಿದೆ ಮೇಡಂ. ನನ್ನನ್ನ ನೋಡಿದ ಕೂಡಲೇ, ನಿಮ್ಮ ಬಾಯಿ ವಾಸನೆ ಬರುತ್ತೆ ಅಂದ್ರು. ಬರುತ್ತೆ. ನನ್ನ ಹೆಂಡತಿ ಹೇಳಿರಲಿಲ್ಲ, ಅಷ್ಟೇ."

ಟೀಚರು ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದವರು. ಶಾಸಕಿ ಇನ್ನೂ ಶಾಸಕಿಯಾಗಿರದೆ, ಮನೆಮನೆಗೆ ಕರಪತ್ರ ಹಂಚುತ್ತಿದ್ದ ಕಾಲದಲ್ಲಿ ಒಂದು ಸಂಜೆ ಅವರ ಬಾಗಿಲು ತಟ್ಟಿದ್ದಳು. ಆಮೇಲೆ ಆ ಮನೆ ಬಿಟ್ಟು ಹೋಗಲಿಲ್ಲ. ದೂರದ ಸಂಬಂಧದ ಅಕ್ಕ ಎಂದು ಊರಿಗೆ ಹೇಳಿದ್ದಾಯಿತು. ಊರೂ ನಂಬಿತು, ಇಬ್ಬರು ಹೆಂಗಸರು ಒಂದೇ ಸೂರಿನಡಿ ಇದ್ದರೆ ಯಾರು ತಾನೇ ತಲೆ ಕೆಡಿಸಿಕೊಳ್ಳುತ್ತಾರೆ. ಬೆಕ್ಕು ಎಂಬ ಹೆಸರಿಟ್ಟವರು ಟೀಚರೇ. "ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತೀಯ, ಜಗತ್ತಿಗೇ ಕತ್ತಲಾಯಿತು ಅಂದುಕೊಳ್ಳುತ್ತೀಯ," ಎಂದು ಅವಳ ಕೆನ್ನೆ ಹಿಂಡುತ್ತಿದ್ದರು.

ತಲೆ ಕೆಡಿಸಿಕೊಳ್ಳುವುದನ್ನು ಊರಿಗೆ ಕಲಿಸಿದವಳು ಶಾಸಕಿಯೇ. ಕುಟುಂಬದ ಮರ್ಯಾದೆ ಕಾಪಾಡುವ ಮಸೂದೆ ಅವಳದು. ಗಂಡು ಗಂಡು, ಹೆಣ್ಣು ಹೆಣ್ಣು ಸಂಸಾರ ಹೂಡಿದರೆ ಬಾಡಿಗೆ ಮನೆ ಸಿಗಬಾರದು, ಸರ್ಕಾರಿ ಕೆಲಸ ಇರಬಾರದು. ಬಸ್ ನಿಲ್ದಾಣದ ಹಿಂದೆ ಇಬ್ಬರು ಹೆಂಗಸರು ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದರು. "ಹಾಲಿನ ಪಾತ್ರೆಗೆ ಒಂದು ತೊಟ್ಟು ಹುಳಿ ಸಾಕು," ಎಂದು ಶಾಸಕಿ ಅಲ್ಲೇ ಹತ್ತಿರದ ಮೈದಾನದಲ್ಲಿ ಭಾಷಣ ಮಾಡಿದ ಮರುದಿನ ಅಂಗಡಿಯ ಬಾಗಿಲಿಗೆ ಯಾರೋ ಡಾಂಬರು ಬಳಿದರು. ಆ ವಾರವೇ ಇಬ್ಬರೂ ಊರು ಬಿಟ್ಟರು. ಆ ಇಬ್ಬರು ಹೋದ ದಿನ, ಇನ್ನೊಂದು ಭಾಷಣ ಮುಗಿಸಿ ಬಂದವಳ ಗಂಟಲು ಒಣಗಿರುತ್ತದೆಂದು ಟೀಚರು ಬಿಸಿನೀರು ಕಾಯಿಸಿಟ್ಟಿದ್ದರು. ಲೋಟ ಕೈಗೆ ಕೊಟ್ಟು, "ಇನ್ನು ನನ್ನ ಬಟ್ಟೆ ಯಾರು ಹೊಲಿತಾರೆ?" ಎಂದು ಕೇಳಿದರು. ಅಷ್ಟು ವರ್ಷಗಳಲ್ಲಿ ಅವರು ಎತ್ತಿದ ಆಕ್ಷೇಪಣೆ ಅದೊಂದೇ.

ಆಸ್ಪತ್ರೆಯಿಂದ ಹಿಂದಿರುಗುವಾಗ ಕಾರಿನಲ್ಲಿ ಪಿ.ಎ. ಮೊದಲು ಕಿಟಕಿಯ ಗಾಜು ಏರಿಸಿದ.

"ಅಮ್ಮಾ, ಮಸೂದೆ ಸದನಕ್ಕೆ ಬರೋ ಹೊತ್ತು. ಎದುರು ಪಕ್ಷದೋರು ಇವತ್ತಲ್ಲ ನಾಳೆ ಯಾರನ್ನೋ ಕಳಿಸಿ ಮಂಚದ ಪಕ್ಕ ಕೂರಿಸ್ತಾರೆ. ಟೀಚರಮ್ಮ ಕೇಳಿದ್ದಕ್ಕೂ ಉತ್ತರ ಕೊಡ್ತಾರೆ, ಕೇಳದೇ ಇರೋದಕ್ಕೂ ಕೊಡ್ತಾರೆ."

"ನಿನಗೇನು ಗೊತ್ತು?"

"ನನಗೇನೂ ಗೊತ್ತಿಲ್ಲ. ಇಷ್ಟು ವರ್ಷ ಸಂಬಳ ತಗೊಂಡಿರೋದೇ ಅದಕ್ಕೆ." ಅವನು ದನಿ ತಗ್ಗಿಸಿದ. "ಬಾಯಿ ಮುಚ್ಚಿಸೋಕೆ ಆಗಲ್ಲ. ಆದ್ರೆ ಹುಚ್ಚಿನ ಮಾತು ಅಂತ ಆಗಿಬಿಟ್ರೆ, ತೆರೆದ ಬಾಯಿನೂ ಮುಚ್ಚಿದ ಹಾಗೇ."

ಮರುದಿನ ಡಾಕ್ಟರು ರೋಗಿಯ ಕೋಣೆಯ ಬಾಗಿಲು ಹಾಕಿಕೊಂಡು ಶಾಸಕಿಗೆ ಕುರ್ಚಿ ಎಳೆದುಕೊಟ್ಟರು. ಟೀಚರು ದಿಂಬಿಗೆ ಒರಗಿ ಕುಳಿತಿದ್ದರು. ತಲೆ ಬಾಚಿಕೊಂಡು ಚೊಕ್ಕಟವಾಗಿದ್ದರು.

"ನೇರವಾಗಿ ಕೇಳ್ತೀನಿ, ತಪ್ಪು ತಿಳ್ಕೋಬೇಡಿ," ಎಂದರು ಡಾಕ್ಟರು. "ನಿಮ್ಮಿಬ್ಬರ ಬಗ್ಗೆ ಇವರು ತುಂಬ ಹೇಳ್ತಾರೆ. ಅದು ನಿಜವಾದ್ರೆ ಇವರಿಗೆ ಭ್ರಮೆ ಇಲ್ಲ, ಬಾಯಿ ಹಿಡಿತ ತಪ್ಪಿದೆ ಅಷ್ಟೇ. ಮನೆಗೆ ಕರ್ಕೊಂಡು ಹೋಗಿ, ಚೆನ್ನಾಗಿರ್ತಾರೆ. ಸುಳ್ಳಾದ್ರೆ ಅದು ಬೇರೆ ಕಾಯಿಲೆ. ಅದಕ್ಕೆ ಔಷಧಿ ಬೇರೆ, ಇರಬೇಕಾದ ಜಾಗವೂ ಬೇರೆ. ಆ ಔಷಧಿ ಮಾತು ನಿಲ್ಲಿಸುತ್ತೆ. ಮಾತಿನ ಜೊತೆ ಇನ್ನೂ ಏನೇನೋ ಹೋಗುತ್ತೆ. ಹೋದದ್ದು ವಾಪಸ್ ಬರಲ್ಲ. ಅದಕ್ಕೇ ಕೇಳ್ತಾ ಇರೋದು."

ಬೋರ್ಡಿನ ಮುಂದೆ ನಿಂತ ಹುಡುಗಿ ಲೆಕ್ಕ ಬಿಡಿಸುತ್ತಾಳೋ ಇಲ್ಲವೋ ಎಂದು ನೋಡುವ ಹಾಗೆ ಟೀಚರು ಶಾಸಕಿಯನ್ನು ನೋಡುತ್ತಿದ್ದರು. ಮುಖದಲ್ಲಿ ಕೋಪವಿರಲಿಲ್ಲ, ಕುತೂಹಲವಿತ್ತು.

"ಸುಳ್ಳು," ಎಂದಳು ಶಾಸಕಿ.

"ಎಲ್ಲಾನೂ?"

"ಎಲ್ಲಾನೂ. ದೂರದ ಸಂಬಂಧ. ಮದುವೆ ಆಗಿರಲಿಲ್ಲ, ಹಿಂದೆ ಮುಂದೆ ಯಾರೂ ಇರಲಿಲ್ಲ. ಅಯ್ಯೋ ಪಾಪ ಅಂತ ಮನೇಲಿ ಇಟ್ಕೊಂಡಿದ್ದೆ."

"ಮನೆ ನನ್ನದು ಕಣೇ. ನಮ್ಮಮ್ಮ ಬಿಟ್ಟು ಹೋಗಿದ್ದು," ಎಂದರು ಟೀಚರು, ಲೆಕ್ಕ ಕೂಡುವಾಗ ದಶಕ ಸೇರಿಸಲು ಮರೆತವಳನ್ನು ತಿದ್ದುವಂತೆ. ಆಮೇಲೆ ಡಾಕ್ಟರ ಕಡೆ ತಿರುಗಿದರು. "ಸುಳ್ಳು ಹೇಳುವಾಗ ಇವಳ ಎಡಗಿವಿ ಕೆಂಪಾಗುತ್ತೆ. ನೋಡಿ."

ಡಾಕ್ಟರು ನೋಡಿದರು. ಕಿವಿ ಹಾಲೆಯವರೆಗೂ ಕೆಂಪೇರಿತ್ತು. ಆಸ್ಪತ್ರೆಯ ಹೊಸ ಕಟ್ಟಡದ ಮಂಜೂರಾತಿ ಶಾಸಕಿಯ ಸಮಿತಿಯಲ್ಲಿ ನಿಂತಿತ್ತು. ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು.

"ಸರಿ. ಇವತ್ತಿಂದಲೇ ಶುರು ಮಾಡ್ತೀನಿ."

ಶಾಸಕಿ ಎದ್ದಳು. ಬಾಗಿಲ ಹಿಡಿಕೆಗೆ ಕೈ ಹಾಕಿದಾಗ ಹಿಂದಿನಿಂದ ಟೀಚರ ದನಿ ಕೇಳಿತು. ಅದು ಅವಳಿಗೆ ಹೇಳಿದ್ದಲ್ಲ.

"ಬೈಬೇಡಿ ಡಾಕ್ಟ್ರೇ ಅವಳನ್ನ. ತುಂಬ ಪುಕ್ಕಲಿ ಅವಳು. ಮೊದಲಿಂದಲೂ ಹಾಗೇ."

ಅಷ್ಟರಲ್ಲಿ ಆಸ್ಪತ್ರೆಯ ಮಾತು ಊರು ತಲುಪಿತ್ತು. ಎರಡು ಪತ್ರಿಕೆಗಳವರು ಫೋನ್ ಮಾಡಿದರು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂದ ಪಿ.ಎ. ಸದನದಲ್ಲಿ ತಾವೇ ಹೇಳಿಬಿಡಿ, ಇನ್ನೊಬ್ಬರು ಹೇಳುವ ಮೊದಲು. ಭಾಷಣವನ್ನೂ ಅವನೇ ಸಿದ್ಧಪಡಿಸಿದ.

ಮಸೂದೆ ಚರ್ಚೆಗೆ ಬಂದ ದಿನ ಶಾಸಕಿ ಎದ್ದು ನಿಂತು ನಮ್ಮ ಮನೆಯಲ್ಲೇ ಒಂದು ದುಃಖ ನಡೆದಿದೆ ಎಂದಳು. ನನ್ನನ್ನು ತಂಗಿಯಂತೆ ಸಾಕಿದ ಹಿರಿಯರೊಬ್ಬರ ಮಿದುಳಿಗೆ ಪೆಟ್ಟಾಯಿತು; ಪೆಟ್ಟಾದ ಮೇಲೆ ಅವರ ಬಾಯಲ್ಲಿ ಯಾವ ಮಾತು ಬಂತೆಂದು ಈ ಸದನದಲ್ಲಿ ಹೇಳಲಾರೆ. ಇದು ಪ್ರೀತಿ ಎನ್ನುವವರು ಒಮ್ಮೆ ಬಂದು ಆ ತಾಯಿಯನ್ನು ನೋಡಲಿ. ಇದು ರೋಗ. ನಾನು ಕಣ್ಣಾರೆ ನೋಡಿದ್ದೇನೆ. ಇವತ್ತು ಆ ಮನೆಯಲ್ಲಿ ನಾನೊಬ್ಬಳೇ, ಎಂದಳು. ಅಲ್ಲಿ ಅವಳ ದನಿ ಒಡೆಯಿತು. ತಡೆದುಕೊಳ್ಳಲು ಮೈಕನ್ನು ಬಿಗಿಯಾಗಿ ಹಿಡಿದಳು, ಆಗಲಿಲ್ಲ. ಬಿಕ್ಕಿ ಬಿಕ್ಕಿ ಅತ್ತಳು. ಸಭಾಧ್ಯಕ್ಷರು ನೀರು ತರಿಸಿದರು. ಎದುರು ಸಾಲಿನ ಕೆಲವರೂ ಮಸೂದೆಯ ಪರವಾಗಿ ಕೈ ಎತ್ತಿದರು.

"ಅಮ್ಮಾ, ಆ ಅಳು ನಾನು ಬರೆದಿರಲಿಲ್ಲ," ಎಂದ ಪಿ.ಎ. ಮೆಟ್ಟಿಲಿಳಿಯುವಾಗ. ಅವನ ದನಿಯಲ್ಲಿ ಮೆಚ್ಚುಗೆಯಿತ್ತು.

ಪಕ್ಷದ ಸಂಸಾರ ಉಳಿಸುವ ಅಭಿಯಾನದ ಪೋಸ್ಟರಿಗೆ ಇಬ್ಬರೂ ಒಟ್ಟಿಗಿರುವ ಒಂದು ಫೋಟೋ ಬೇಕಾಗಿ, ಚಳಿಗಾಲ ಮುಗಿಯುವ ಹೊತ್ತಿಗೆ ಅವಳು ಟೀಚರನ್ನು ಸೇರಿಸಿದ್ದ ಊರಾಚೆಯ ಮಾನಸಿಕ ಆಸ್ಪತ್ರೆಗೆ ಹೋದಳು. ಅಲ್ಲಿಯವರೆಗೆ ಒಮ್ಮೆಯೂ ಹೋಗಿರಲಿಲ್ಲ. ಹೋಗಬಾರದೆಂದು ಯಾರೂ ಹೇಳಿರಲೂ ಇಲ್ಲ. ಟೀಚರು ಉದ್ದನೆಯ ಕೋಣೆಯ ಕೊನೆಯ ಬೆಂಚಿನಲ್ಲಿ ಕುಳಿತಿದ್ದರು. ಮೈ ತುಂಬಿಕೊಂಡಿತ್ತು, ಮುಖ ಊದಿ ನುಣ್ಣಗಾಗಿತ್ತು. ಕೂದಲನ್ನು ಕತ್ತಿನ ಮೇಲಕ್ಕೆ ಕತ್ತರಿಸಿದ್ದರು. ಆಯಾ ಒಂದು ಕರವಸ್ತ್ರದಿಂದ ಅವರ ಬಾಯಿಯ ಅಂಚು ಒರೆಸಿ, "ಯಾರು ಬಂದಿದ್ದಾರೆ ನೋಡಿ," ಎಂದಳು.

ಶಾಸಕಿ ಮುಂದೆ ಬಗ್ಗಿದಳು. ಫೋಟೋಗ್ರಾಫರ್ ದೂರದಲ್ಲಿ ಲೆನ್ಸ್ ಸರಿಪಡಿಸುತ್ತಿದ್ದ. ಆಯಾ ಕೂಡ ಆ ಕಡೆ ತಿರುಗಿದ್ದಳು.

"ನಾನು ಕಣೇ, ಬೆಕ್ಕು," ಎಂದಳು, ಟೀಚರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ಟೀಚರು ಅವಳ ಕೋಟನ್ನು, ಬೂಟನ್ನು, ಮತ್ತೆ ಮುಖವನ್ನು ನೋಡಿದರು. ಏಳಲು ಪ್ರಯತ್ನಿಸಿ, ಆಗದೆ ಕುಳಿತರು.

"ನಮಸ್ಕಾರ ಮೇಡಂ," ಎಂದರು. "ಕೂತ್ಕೊಳ್ಳಿ. ನೀವು ತುಂಬ ದೂರದಿಂದ ಬಂದ ಹಾಗಿದೆ."

ಬೆಂಚಿನಲ್ಲಿ ಜಾಗ ಸಾಲದೆಂಬಂತೆ ಅವರು ಗೋಡೆಯವರೆಗೂ ಸರಿದುಕೊಂಡರು. ಶಾಸಕಿ ಪಕ್ಕದಲ್ಲಿ ಕುಳಿತಳು. ಕೈ ಹಿಡಿದುಕೊಳ್ಳಿ ಅಮ್ಮಾ ಎಂದ ಫೋಟೋಗ್ರಾಫರ್. ಅವಳು ಹಿಡಿದುಕೊಂಡಳು. ಟೀಚರು ನಾಡಿ ನೋಡಲು ಕೊಡುವಂತೆ ಅಂಗೈ ಮೇಲಾಗಿಸಿ ಕೈಯನ್ನು ಅವಳ ವಶಕ್ಕೆ ಬಿಟ್ಟು, ಕಿಟಕಿಯಾಚೆ ಹಗ್ಗದ ಮೇಲೆ ಒಣಗುತ್ತಿದ್ದ ಹಾಸಿಗೆ ಬಟ್ಟೆಗಳು ಗಾಳಿಗೆ ಉಬ್ಬುವುದನ್ನೂ ಇಳಿಯುವುದನ್ನೂ ನೋಡುತ್ತ, ಅವಳು ನಾಡಿ ನೋಡಿ ಮುಗಿಸುವುದನ್ನು ಕಾಯುತ್ತಿದ್ದರು.